ಡ್ರಾಪರ್ ಇದೆಯೆಂದು ಸೀಟು ತಗ್ಗಿಸಿಡಬೇಡಿ

ಹ್ಯಾಂಡಲ್‌ನ ಎಡಗಡೆಯ ಸಣ್ಣ ಲಿವರ್ ಒತ್ತಿ ಮೈಭಾರ ಬಿಟ್ಟರೆ ಸೀಟು ಇಳಿಯುತ್ತದೆ. ಭಾರ ತೆಗೆದು ಇನ್ನೊಮ್ಮೆ ಒತ್ತಿದರೆ ಮೇಲೇಳುತ್ತದೆ. ಮೌಂಟನ್ ಬೈಕ್‌ಗಳಿಗೆ ಹೀಗೆ ಏರಿಳಿಯುವ ಸೀಟಿನ ಕಂಬ, ಅಂದರೆ ಡ್ರಾಪರ್ ಪೋಸ್ಟ್, ಬಂದ ಮೇಲೆ ಇಳಿಜಾರಿನ ತುದಿಯಲ್ಲಿ ಸೈಕಲ್ ನಿಲ್ಲಿಸಿ ಕ್ಲ್ಯಾಂಪ್ ಸಡಿಲಿಸುವ ಕೆಲಸ ತಪ್ಪಿತು. ಆದರೆ ಸೀಟು ಕೂರಿಸುವ ಹಳೆಯ ಅಭ್ಯಾಸ ಮಾತ್ರ ಹೋಗಿಲ್ಲ. ಏರಿಗೂ ಇರಲಿ, ಇಳಿಜಾರಿಗೂ ಇರಲಿ ಎಂದು ನಡುವೆ ಎಲ್ಲೋ ಒಂದು ಎತ್ತರಕ್ಕೆ ಬಿಗಿದುಬಿಡುತ್ತೇವೆ. ಪೋಸ್ಟ್ ಪೂರ್ತಿ ಎದ್ದು ನಿಂತಿದ್ದರೂ ಏರು ಹತ್ತುವಾಗ ಮಂಡಿ ಹೊಟ್ಟೆಯ ಹತ್ತಿರ ಬರುತ್ತಿದೆ ಎಂದರೆ ಅದು ಈ ರಾಜಿಯ ಫಲ. ಆ ರಾಜಿ ಬೇಡವೆಂದೇ ಅಲ್ಲವೇ ಡ್ರಾಪರ್‌ಗೆ ದುಡ್ಡು ಕೊಟ್ಟಿದ್ದು? ಪೂರ್ತಿ ಎದ್ದಾಗಿನ ಎತ್ತರ ನಿಮ್ಮ ಕಾಲಿನ ಅಳತೆಗೆ ಸರಿಯಾಗಿರಬೇಕು. ಮಿಕ್ಕಿದ್ದೆಲ್ಲ ಆಮೇಲೆ.

4 ಮತ್ತು 5 ಎಂಎಂ ಅಲೆನ್ ಕೀ, ಅಳತೆ ಟೇಪು, ಇನ್ಸುಲೇಷನ್ ಟೇಪು, ಮಟ್ಟ ನೋಡಲು ರಸಮಟ್ಟ ಅಥವಾ ಮೊಬೈಲ್ ಆ್ಯಪ್, ಇಷ್ಟಿದ್ದರೆ ಕೆಲಸ ಶುರು ಮಾಡಬಹುದು. ಎಷ್ಟು ಬಿಗಿಯಾಯಿತೆಂದು ತೋರಿಸುವ ಟಾರ್ಕ್ ರೆಂಚ್ ಸಿಕ್ಕರೆ ಇನ್ನೂ ಒಳ್ಳೆಯದು. ಸವಾರಿಗೆ ಹಾಕುವ ಶೂ ಮತ್ತು ಪ್ಯಾಡ್ ಇರುವ ಚಡ್ಡಿಯನ್ನೇ ಹಾಕಿಕೊಳ್ಳಿ. ಚಪ್ಪಲಿಯಲ್ಲಿ ನೋಡಿದ ಎತ್ತರ ಶೂ ಹಾಕಿದಾಗ ಸುಳ್ಳಾಗುತ್ತದೆ.

ಮೊದಲು ಎತ್ತರ

ಪೋಸ್ಟ್ ಅನ್ನು ಪೂರ್ತಿ ಮೇಲಕ್ಕೆ ಬಿಡಿ. ಗೋಡೆಗೆ ಒರಗಿಸಿದ ಸೈಕಲ್ ಮೇಲೆ ಕೂತು ಒಂದು ಪೆಡಲ್ ಅನ್ನು ತೀರಾ ಕೆಳಕ್ಕೆ ತನ್ನಿ. ಅದರ ಮೇಲೆ ಹಿಮ್ಮಡಿ ಇಟ್ಟಾಗ ಕಾಲು ನೇರವಾಗಬೇಕು, ಸೊಂಟ ಆ ಕಡೆ ವಾಲಬಾರದು. ಈಗ ಪಾದದ ಮುಂಭಾಗವನ್ನು ಪೆಡಲ್ ಮೇಲಿಟ್ಟರೆ ಮಂಡಿ ಸಣ್ಣಗೆ ಬಾಗುತ್ತದೆ. ಆ ಬಾಗು 25ರಿಂದ 35 ಡಿಗ್ರಿ ಒಳಗಿದ್ದರೆ ಸಾಕು. ವಾಲುವುದು ಕೂತವರಿಗೆ ಗೊತ್ತಾಗುವುದಿಲ್ಲ, ಹಿಂದೆ ನಿಂತು ನೋಡಲು ಇನ್ನೊಬ್ಬರನ್ನು ಕರೆಯಿರಿ.

ಲೆಕ್ಕ ಇಷ್ಟಪಡುವವರಿಗೆ ಇನ್ನೊಂದು ದಾರಿ ಇದೆ. ಗೋಡೆಗೆ ಬೆನ್ನು ಕೊಟ್ಟು ನಿಂತು, ದಪ್ಪ ಪುಸ್ತಕವೊಂದನ್ನು ತೊಡೆಸಂದಿಗೆ ಒತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲಕ್ಕೆ ಅಳೆಯಿರಿ. ಬಂದದ್ದನ್ನು 0.883ರಿಂದ ಗುಣಿಸಿ. ಕಾಲಿನ ಅಳತೆ 80 ಸೆಂ.ಮೀ. ಇದ್ದರೆ ಉತ್ತರ 70.6 ಸೆಂ.ಮೀ. ಪೆಡಲ್ ಹೊತ್ತ ತೋಳು, ಅಂದರೆ ಕ್ರ್ಯಾಂಕ್, ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಮೈಗೆ ಇರಬೇಕಾದ ಅಂತರ ಇದು. ಈ ಸೂತ್ರ ಬಂದಿದ್ದು ರೋಡ್ ಸೈಕಲ್‌ನವರಿಂದ, ಆದ್ದರಿಂದ ಅದನ್ನು ಶುರುವಿನ ಅಂದಾಜು ಎಂದಷ್ಟೇ ತೆಗೆದುಕೊಳ್ಳಿ. ಚಪ್ಪಟೆ ಪೆಡಲ್ ಮೇಲೆ ಪಾದವನ್ನು ತುಸು ಮುಂದಿಟ್ಟು ತುಳಿಯುವವರಿಗೆ, ಕಲ್ಲುಮುಳ್ಳಿನ ದಾರಿಯಲ್ಲಿ ಹೋಗುವವರಿಗೆ ಇದಕ್ಕಿಂತ ಐದರಿಂದ ಹತ್ತು ಮಿಲಿಮೀಟರ್ ತಗ್ಗಿದ್ದರೆ ಹಿತ.

ಮಂಡಿಯ ಮುಂಭಾಗ ನೋಯುತ್ತಿದ್ದರೆ ಸೀಟು ತಗ್ಗಾಗಿರುವ ಸಾಧ್ಯತೆ ಹೆಚ್ಚು. ಮಂಡಿಯ ಹಿಂದೆ ಎಳೆದಂತಾದರೆ, ಕೂತಲ್ಲಿ ಸೊಂಟ ಆಡುತ್ತಿದ್ದರೆ ಎತ್ತರ ಜಾಸ್ತಿಯಾಗಿದೆ. ಬದಲಿಸುವಾಗ ಸಲಕ್ಕೆ ಐದು ಮಿಲಿಮೀಟರ್ ಮೀರಬೇಡಿ.

ಹಿಂದೆ, ಮುಂದೆ

ಸೀಟಿನಡಿಯ ಎರಡು ಕಂಬಿಗಳ ಮೇಲೆ ಗೆರೆಗಳಿರುತ್ತವೆ. ನೇರ ಭಾಗವನ್ನಷ್ಟೇ ಕ್ಲ್ಯಾಂಪ್ ಹಿಡಿಯಬೇಕು, ಬಾಗಿರುವ ಕಡೆ ಹಿಡಿದರೆ ಕಂಬಿ ಮುರಿಯಬಹುದು. ಮಂಡಿಯಿಂದ ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು, ಅದು ಪೆಡಲ್ ಅಚ್ಚಿನ ಮೇಲೆ ಬೀಳಬೇಕು ಎನ್ನುವ ಹಳೆಯ ನಿಯಮ ಕೇಳಿರುತ್ತೀರಿ. ಹೊಸ ಮೌಂಟನ್ ಬೈಕ್‌ಗಳಲ್ಲಿ ಪೋಸ್ಟ್ ಕೂರುವ ಫ್ರೇಮಿನ ಕೊಳವೆ, ಅಂದರೆ ಸೀಟ್ ಟ್ಯೂಬ್, 75ರಿಂದ 78 ಡಿಗ್ರಿಯಷ್ಟು ನೆಟ್ಟಗಿರುವುದರಿಂದ ಅವುಗಳಲ್ಲಿ ದಾರ ಅಚ್ಚಿಗಿಂತ ಮುಂದೆಯೇ ಬೀಳುತ್ತದೆ. ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಕಿಲ್ಲ.

ನನ್ನ ಪ್ರಕಾರ ಪರೀಕ್ಷೆ ಏರಿನಲ್ಲೇ ಆಗಬೇಕು. ಕೂತು ತುಳಿಯುವಾಗ ಮುಂದಿನ ಚಕ್ರ ಹಗುರಾಗಿ ಅತ್ತಿತ್ತ ಓಡುತ್ತಿದ್ದರೆ ಸೀಟನ್ನು ಮುಂದಕ್ಕೆ ತನ್ನಿ. ಸಮತಟ್ಟು ದಾರಿಯಲ್ಲಿ ಅಂಗೈ ಮೇಲೆ ಭಾರ ಬಿದ್ದು ಜೋಮು ಹಿಡಿಯುತ್ತಿದ್ದರೆ ಹಿಂದಕ್ಕೆ. ಹ್ಯಾಂಡಲ್ ದೂರವಾಯಿತೆಂದು ಮಾತ್ರ ಸೀಟು ಸರಿಸಬೇಡಿ, ಅದಕ್ಕೆ ಹ್ಯಾಂಡಲನ್ನು ಹಿಡಿದಿರುವ ತುಂಡು, ಅಂದರೆ ಸ್ಟೆಮ್, ಬದಲಿಸಬೇಕು.

ಸೀಟನ್ನು ಒಂದು ಸೆಂ.ಮೀ. ಹಿಂದಕ್ಕೆ ತಳ್ಳಿದರೆ ಪೆಡಲ್‌ನಿಂದ ದೂರ ಸುಮಾರು ಮೂರು ಮಿಲಿಮೀಟರ್ ಹೆಚ್ಚುತ್ತದೆ. ಹಾಗಾಗಿ ಸರಿಸಿದ ಮೇಲೆ ಎತ್ತರವನ್ನು ಇನ್ನೊಮ್ಮೆ ಅಳೆಯಲೇಬೇಕು.

ಸೀಟಿನ ಮೂತಿ ಎತ್ತ?

ಹೆಚ್ಚಿನವರು ಸೀಟನ್ನು ರಸಮಟ್ಟ ಇಟ್ಟು ಸಮ ಮಾಡಿ ಕೈತೊಳೆದುಕೊಳ್ಳುತ್ತಾರೆ. ರಸ್ತೆ ಸೈಕಲ್‌ಗೆ ಅದು ಸರಿ. ಹಿಂದೆಯೂ ಸಸ್ಪೆನ್ಷನ್ ಇರುವ ಬೈಕ್‌ನಲ್ಲಿ, ಸವಾರ ಕೂತೊಡನೆ ಹಿಂಭಾಗ ಕುಸಿಯುತ್ತದೆ. ಚಕ್ರದ ಪಯಣ, ಅಂದರೆ ಅದು ಮೇಲೆ ಕೆಳಗೆ ಆಡುವ ದೂರ, 140 ಎಂಎಂ ಇದ್ದು ಶೇ 30ರಷ್ಟು ಕುಸಿಯುವಂತೆ ಗಾಳಿ ತುಂಬಿದ್ದರೆ 42 ಎಂಎಂ ಇಳಿದಂತಾಯಿತು. ಕ್ರ್ಯಾಂಕ್ ಕೂಡ ಜೊತೆಗೇ ಇಳಿಯುವುದರಿಂದ ಸೀಟಿನ ಎತ್ತರಕ್ಕೆ ಧಕ್ಕೆಯಿಲ್ಲ, ಆದರೆ ಇಡೀ ಸೈಕಲ್ ಹಿಂದಕ್ಕೆ ವಾಲಿ ಸೀಟಿನ ಮೂತಿ ಮೇಲೇಳುತ್ತದೆ. ಅದರ ಮೇಲೆ ಕಡಿದಾದ ಏರು ಬಂತೆಂದರೆ ಮೂತಿ ಇನ್ನಷ್ಟು ಎದ್ದು, ಎಲ್ಲಿ ಒತ್ತಬಾರದೋ ಅಲ್ಲೇ ಒತ್ತುತ್ತದೆ.

ಆದ್ದರಿಂದ ಮೊದಲು ಹಿಂದಿನ ಸಸ್ಪೆನ್ಷನ್ನಿನ ಶಾಕ್‌ನ ಗಾಳಿ ಸರಿಮಾಡಿ, ಆಮೇಲೆ ಮೂತಿಯನ್ನು ಎರಡು ಮೂರು ಡಿಗ್ರಿ ಕೆಳಗೆ ಬಾಗಿಸಿ. ಸೀಟಿನ ಕಂಬಿ ಹಿಡಿಯುವ ಪೋಸ್ಟ್‌ನ ತಲೆಗೆ ಎರಡು ಬೋಲ್ಟ್ ಇದ್ದರೆ ಹಿಂದಿನ ಬೋಲ್ಟನ್ನು ಸಡಿಲಿಸಿ ಮುಂದಿನದನ್ನು ಬಿಗಿದಾಗ ಮೂತಿ ಇಳಿಯುತ್ತದೆ. ಕಾಲು ಸುತ್ತು ತಿರುಗಿಸಿದರೂ ವ್ಯತ್ಯಾಸ ಕೂತವರಿಗೆ ತಿಳಿಯುತ್ತದೆ. ಮುಂದಕ್ಕೆ ಜಾರುತ್ತಿದ್ದೀರಿ, ಕೈಗಳು ಮೈಯನ್ನು ಹಿಂದಕ್ಕೆ ತಳ್ಳುತ್ತಿವೆ ಅನ್ನಿಸಿದರೆ ಬಾಗಿಸಿದ್ದು ಅತಿಯಾಯಿತು.

ಎಷ್ಟು ಇಳಿಯಬೇಕು?

ಡ್ರಾಪರ್‌ಗಳು 100 ಎಂಎಂನಿಂದ 200 ಎಂಎಂ, ಅದಕ್ಕೂ ಹೆಚ್ಚು ಇಳಿಯುವಂಥವು ಸಿಗುತ್ತವೆ. ಜಾಸ್ತಿ ಇಳಿದಷ್ಟೂ ಇಳಿಜಾರಿನಲ್ಲಿ ಮೈ ಆಡಿಸಲು ಜಾಗ. ಆದರೆ ಕೊಳ್ಳುವ ಮುನ್ನ ಟೇಪು ಹಿಡಿಯಿರಿ. ಮೇಲಿನ ಉದಾಹರಣೆಯನ್ನೇ ತೆಗೆದುಕೊಂಡು ಎತ್ತರವನ್ನು 70 ಸೆಂ.ಮೀ. ಎನ್ನೋಣ. ಸೀಟ್ ಟ್ಯೂಬ್ 42 ಸೆಂ.ಮೀ. ಇದ್ದರೆ ಮೇಲೆ ಉಳಿಯುವುದು 28. ಕಂಬಿಯಿಂದ ಸೀಟಿನ ಮೇಲ್ಮೈಗೆ 5 ಸೆಂ.ಮೀ. ಕಳೆದರೆ 23. ಪೋಸ್ಟ್‌ನ ಹೊರಕೊಳವೆಯ ಮೇಲ್ತುದಿಯ ಕಾಲರ್ ಮತ್ತು ತಲೆ ಸೇರಿ ಐದೂವರೆ ಸೆಂ.ಮೀ. ನುಂಗಿದರೆ 170 ಎಂಎಂ ಪೋಸ್ಟ್ ಆರಾಮವಾಗಿ ಕೂರುತ್ತದೆ, 200 ಎಂಎಂ ಕೂರುವುದಿಲ್ಲ. ಕಾಲರ್ ಮತ್ತು ತಲೆಯ ಅಳತೆ ಕಂಪನಿಯಿಂದ ಕಂಪನಿಗೆ ಬೇರೆ, ಅವರ ನಕ್ಷೆ ನೋಡಿ ಲೆಕ್ಕ ಹಾಕಿ.

ಉದ್ದದ ಪೋಸ್ಟ್ ಕೊಂಡು, ಏರಿನಲ್ಲಿ ಅರ್ಧಕ್ಕೆ ನಿಲ್ಲಿಸಿ ತುಳಿಯುತ್ತೇನೆ ಎನ್ನುವವರಿದ್ದಾರೆ. ಪ್ರತಿ ಸಲವೂ ಅಂದಾಜಿನ ಎತ್ತರವೇ ಸಿಗುತ್ತದೆ, ಮಂಡಿ ಅದನ್ನು ಲೆಕ್ಕ ಇಟ್ಟುಕೊಳ್ಳುತ್ತದೆ. ಕೆಲವು ಪೋಸ್ಟ್‌ಗಳ ಪಯಣವನ್ನು ಒಳಗೆ ತುಂಡು ಹಾಕಿ ಕಡಿಮೆ ಮಾಡಬಹುದು, ಅದು ಮೇಲು. ಕೊಳವೆಯ ವ್ಯಾಸವನ್ನೂ ಮರೆಯಬೇಡಿ: 27.2, 30.9, 31.6, 34.9 ಎಂಎಂ ಇವುಗಳಲ್ಲಿ ನಿಮ್ಮ ಫ್ರೇಮಿಗೆ ಕೂರುವುದು ಒಂದೇ.

ಬಿಗಿಯುವಾಗ

ಕೇಬಲ್ ಫ್ರೇಮಿನ ಒಳಗೆ ಹಾದುಹೋಗಿದ್ದರೆ ಪೋಸ್ಟನ್ನು ಸುಮ್ಮನೆ ಒಳಕ್ಕೆ ತಳ್ಳಬೇಡಿ. ಒಂದು ಕೈಯಲ್ಲಿ ಪೋಸ್ಟ್ ಇಳಿಸುತ್ತಾ, ಇನ್ನೊಂದರಲ್ಲಿ ಹ್ಯಾಂಡಲ್ ಕಡೆಯಿಂದ ಕೇಬಲ್ ಕವಚವನ್ನು ಮೆಲ್ಲಗೆ ಎಳೆಯುತ್ತಿರಬೇಕು. ಇಲ್ಲವಾದರೆ ಅದು ಕೊಳವೆಯೊಳಗೆ ಮಡಚಿಕೊಂಡು ಲಿವರ್ ಗಟ್ಟಿಯಾಗುತ್ತದೆ. ಕನಿಷ್ಠ ಇಷ್ಟು ಒಳಗಿರಬೇಕು ಎಂದು ಪೋಸ್ಟ್ ಮೇಲೆ ಹಾಕಿರುವ ಗುರುತು ಫ್ರೇಮಿನ ಹೊರಗೆ ಕಾಣಿಸಲೇಬಾರದು. ಲೋಹದ ಫ್ರೇಮಿಗೆ ತೆಳುವಾಗಿ ಗ್ರೀಸ್, ಕಾರ್ಬನ್ ಆದರೆ ಅದಕ್ಕೆಂದೇ ಸಿಗುವ ಹಿಡಿತದ ಪೇಸ್ಟ್ ಹಚ್ಚಿ.

ಡ್ರಾಪರ್ ಕೆಟ್ಟಿದೆ ಎಂದು ಅಂಗಡಿಗೆ ಒಯ್ಯುವ ಮೊದಲು ಪೋಸ್ಟನ್ನು ಫ್ರೇಮಿಗೆ ಬಿಗಿಯುವ ಕ್ಲ್ಯಾಂಪ್ ನೋಡಿ. ಒಳಗಿನ ಕಂಬ ಜಾರುವುದು ತೆಳುವಾದ ಹೊರಕೊಳವೆಯೊಳಗೆ. ಕ್ಲ್ಯಾಂಪ್ ಅದನ್ನು ಹಿಸುಕಿದರೆ ಸೀಟು ಒಲ್ಲದ ಮನಸ್ಸಿನಿಂದ ಮೇಲೇಳುತ್ತದೆ, ಇಲ್ಲವೇ ನಡುವೆ ನಿಂತುಬಿಡುತ್ತದೆ. ಸಾಮಾನ್ಯವಾಗಿ 5 ನ್ಯೂಟನ್ ಮೀಟರ್ ಆಸುಪಾಸು ಸಾಕು, ಕ್ಲ್ಯಾಂಪ್ ಮೇಲೆ ಬರೆದ ಅಂಕಿ ಇದ್ದರೆ ಅದನ್ನೇ ಪಾಲಿಸಿ. ಸೀಟಿನ ಮೂತಿ ಎಡಬಲಕ್ಕೆ ಕೂದಲೆಳೆಯಷ್ಟು ಆಡಿದರೆ ಗಾಬರಿ ಬೇಡ, ಡ್ರಾಪರ್‌ಗಳಲ್ಲಿ ಅದು ಇದ್ದದ್ದೇ.

ಎಲ್ಲ ಒಪ್ಪಿದ ಮೇಲೆ ಪೋಸ್ಟ್ ಫ್ರೇಮಿಗೆ ಸೇರುವಲ್ಲಿ ಒಂದು ಸುತ್ತು ಇನ್ಸುಲೇಷನ್ ಟೇಪು ಸುತ್ತಿಡಿ, ಮುಂದೆ ಬಿಚ್ಚಿದರೂ ಎತ್ತರ ತಪ್ಪುವುದಿಲ್ಲ. ಮಲೆನಾಡಿನ ಮಳೆಯಲ್ಲಿ ಓಡಿಸಿ ಬಂದ ದಿನ ಹೊಳೆಯುವ ಕಂಬವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಕೆಸರು ಒಣಗಿದರೆ ಸೀಲ್ ಸವೆಯುತ್ತದೆ. ಸೀಟು ಇಳಿಸಿರುವಾಗ ಅದನ್ನೇ ಹಿಡಿದು ಸೈಕಲ್ ಎತ್ತಬೇಡಿ. ಹಲವು ಹೈಡ್ರಾಲಿಕ್ ಪೋಸ್ಟ್‌ಗಳಲ್ಲಿ ಎಣ್ಣೆಯೊಳಗೆ ಗಾಳಿ ಸೇರಿ, ಕೂತಾಗ ಸೀಟು ಸ್ಪಂಜಿನಂತೆ ಕುಸಿಯತೊಡಗುತ್ತದೆ. ಮೊದಲ ಒಂದೆರಡು ಸವಾರಿ ಮುಗಿದ ಮೇಲೆ ಕಂಬಿಯ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿದು ನೋಡಿ.