ಹುಡ್ ಕೆನಾಲ್‌ನಲ್ಲಿ ಆಯಿಸ್ಟರ್ ಆಯಲು ಹೊರಟವರಿಗೆ

ಸಿಯಾಟಲ್ ಕಡೆ ಹೊಸದಾಗಿ ಬಂದಿದ್ದೀರಾ? ಆಯಿಸ್ಟರ್ (ಕಡಲ ದಡದಲ್ಲಿ ಸಿಗುವ, ತಿನ್ನುವ ಒಂದು ಬಗೆಯ ಚಿಪ್ಪುಜೀವಿ) ಅಂದರೆ ಇಷ್ಟವಾ? ಹಾಗಾದರೆ ಹುಡ್ ಕೆನಾಲ್ ಅನ್ನುವ, ಒಳನಾಡಿಗೆ ಚಾಚಿದ ಕಡಲಿನ ಕಡೆ ಹೋಗಿ ನೀವೇ ಆಯ್ದುಕೊಳ್ಳಬಹುದು. ಡೋಸ್‌ವಾಲಿಪ್ಸ್, ಪಾಟ್ಲಾಚ್ ಸ್ಟೇಟ್ ಪಾರ್ಕ್‌ಗಳು ಇದಕ್ಕೆ ಹೆಸರುವಾಸಿ. ಆದರೆ ವಾಷಿಂಗ್ಟನ್ ರಾಜ್ಯದಲ್ಲಿ ಎಷ್ಟೋ ಕಡೆ ಸಮುದ್ರದ ದಡವೂ ಖಾಸಗಿ ಆಸ್ತಿ. ಖಾಲಿ ಕಂಡಿತು ಅಂತ ಸುಮ್ನೆ ಇಳಿಯಬೇಡಿ.

15 ವರ್ಷ ತುಂಬಿದವರಿಗೆಲ್ಲ ಶೆಲ್‌ಫಿಶ್ (ಚಿಪ್ಪುಜೀವಿ) ಲೈಸೆನ್ಸ್ ಬೇಕು. ಊರಿನಿಂದ ಬಂದ ಅಪ್ಪ ಅಮ್ಮನಿಗೂ ಬೇಕು. ದಿನಕ್ಕೆ ಒಬ್ಬರಿಗೆ 18 ಮಾತ್ರ. ದಡದಲ್ಲೇ ತಿಂದದ್ದೂ ಲೆಕ್ಕಕ್ಕೆ ಸೇರುತ್ತದೆ. ಒಬ್ಬೊಬ್ಬರಿಗೂ ಬೇರೆ ಡಬ್ಬಿ ಇರಬೇಕು. ‘ಅಮ್ಮನ ಪಾಲನ್ನೂ ನಾನೇ ಆಯ್ತೀನಿ’ ಅನ್ನುವಂತಿಲ್ಲ. ಎರಡೂವರೆ ಇಂಚಿಗಿಂತ ಚಿಕ್ಕದನ್ನು ಮುಟ್ಟಬೇಡಿ.

ನಮ್ಮ ಕರಾವಳಿಯ ಅಘನಾಶಿನಿ ನದಿಯಲ್ಲಿ ಬಳಚು (ಇದೂ ಚಿಪ್ಪುಜೀವಿಯೇ) ಆಯ್ದು ಚೀಲ ತುಂಬಿ ಮನೆಗೆ ತಂದು ಅಭ್ಯಾಸ ಇದ್ದವರಿಗೆ ಇಲ್ಲಿನ ಒಂದು ನಿಯಮ ವಿಚಿತ್ರ ಅನ್ನಿಸುತ್ತದೆ: ಆಯಿಸ್ಟರನ್ನು ದಡದಲ್ಲೇ ಬಿಡಿಸಬೇಕು, ಚಿಪ್ಪನ್ನು ಎತ್ತಿದ ಜಾಗದಲ್ಲೇ ಬಿಡಬೇಕು. ನೀರಲ್ಲಿ ತೇಲುವ ಮರಿಗಳು ಗಟ್ಟಿಯಾದದ್ದಕ್ಕೆ ಅಂಟಿಕೊಂಡೇ ಬೆಳೆಯೋದು, ಹಳೇ ಚಿಪ್ಪು ಅವಕ್ಕೆ ಬಲು ಇಷ್ಟ. ಚಿಪ್ಪು ಹೋದರೆ ಮುಂದಿನ ಬೆಳೆಯೂ ಹೋಯಿತು. ನನಗಂತೂ ಇಷ್ಟು ಬುದ್ಧಿವಂತ ನಿಯಮ ಬೇರೆ ಕಂಡಿಲ್ಲ.

ಬಿಡಿಸೋಕೆ ಆಯಿಸ್ಟರ್ ಚಾಕು ಮತ್ತು ದಪ್ಪ ಕೈಗವಸು ಸಾಕು. ಗುಳಿ ಇರುವ ಚಿಪ್ಪು ಕೆಳಗೆ ಬರಲಿ. ಎರಡೂ ಚಿಪ್ಪು ಸೇರುವ ಚೂಪು ತುದಿಗೆ ಚಾಕು ಒತ್ತಿ ತಿರುಗಿಸಿ. ಬಾಯಿ ಬಿಟ್ಟ ಮೇಲೆ ಮೇಲಿನ ಚಿಪ್ಪಿಗೆ ಅಂಟಿದ ಸ್ನಾಯು ಕತ್ತರಿಸಿ. ಅಡುಗೆಮನೆ ಚಾಕು ತರಬೇಡಿ, ಜಾರಿ ಅಂಗೈಗೆ ಹೋಗುತ್ತದೆ.

ಇನ್ನು ಆರೋಗ್ಯದ ಮಾತು. ಹೊರಡುವ ದಿನವೇ ಎರಡನ್ನು ನೋಡಿ: ಆ ಬೀಚಿಗೆ ಸೀಸನ್ ಇದೆಯಾ ಅಂತ ಮೀನುಗಾರಿಕೆ ಇಲಾಖೆಯ ಪುಟದಲ್ಲಿ, ನೀರು ಸುರಕ್ಷಿತವಾ ಅಂತ ಆರೋಗ್ಯ ಇಲಾಖೆಯ ಶೆಲ್‌ಫಿಶ್ ಸೇಫ್ಟಿ ಮ್ಯಾಪಿನಲ್ಲಿ. ಒಂದು ಜಾತಿಯ ಸೂಕ್ಷ್ಮ ಪಾಚಿ ಹೆಚ್ಚಾದಾಗ ಆಯಿಸ್ಟರ್ ಒಳಗೆ ವಿಷ ಸೇರುತ್ತದೆ. ಬಣ್ಣ, ವಾಸನೆಯಿಂದ ಅದು ಗೊತ್ತಾಗಲ್ಲ, ಎಷ್ಟು ಬೇಯಿಸಿದರೂ ಹೋಗಲ್ಲ. ಉಸಿರಾಟವೇ ನಿಲ್ಲಿಸುವಷ್ಟು ಅಪಾಯ. ಬೇಸಿಗೆಯಲ್ಲಿ ಕಾಡುವ ವಿಬ್ರಿಯೊ ಬ್ಯಾಕ್ಟೀರಿಯಾ ಬೇರೆ, ಅದು 145 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ 15 ಸೆಕೆಂಡ್ ಬೆಂದರೆ ಸಾಯುತ್ತದೆ. ಹಸಿಯಾಗಿ ತಿನ್ನುವ ಆಸೆಯನ್ನು ಬೇಸಿಗೆಯಲ್ಲಿ ಬಿಟ್ಟುಬಿಡಿ. ನೀರು ಇಳಿಯುತ್ತಿದ್ದಂತೆ ಆಯ್ದು, ಬಿಡಿಸಿ, ಕೂಡಲೇ ಐಸ್ ಮೇಲಿಡಿ. ಬಿಸಿಲಿಗೆ ಜಾಸ್ತಿ ಹೊತ್ತು ಕಾದದ್ದು ಬೇಡ.

ಸ್ಟೇಟ್ ಪಾರ್ಕ್‌ನಲ್ಲಿ ಕಾರು ನಿಲ್ಲಿಸೋಕೆ ಡಿಸ್ಕವರ್ ಪಾಸ್ ಬೇಕು, ಅದನ್ನೂ ಮರೀಬೇಡಿ.