ಕೀ ಯಾರ ಹತ್ರ ಇದೆ ಅಂತ ಕೇಳಿದ್ರು: ನಮ್ಮ ಡಾವೋ ಲಾಂಚ್ ಮಾಡಿದ ಅನುಭವ

ನಮ್ದು ಚಿಕ್ಕ ಪ್ರಾಜೆಕ್ಟು. ಸ್ಮಾರ್ಟ್ ಕಾಂಟ್ರ್ಯಾಕ್ಟ್ (ಬ್ಲಾಕ್‌ಚೈನ್ ಮೇಲೆ ತಾನಾಗೇ ಓಡೋ ಪ್ರೋಗ್ರಾಮು) ಟೆಸ್ಟ್ ಮಾಡೋಕೆ ಒಂದು ಓಪನ್ ಸೋರ್ಸ್ ಟೂಲು, ಬೆಂಗಳೂರಲ್ಲಿ ನಾವೊಂದಷ್ಟು ಜನ ಆಫೀಸ್ ಕೆಲಸ ಮುಗಿಸ್ಕೊಂಡು ರಾತ್ರಿ ಕೂತು ಬರೆದಿದ್ದು, ಆಮೇಲೆ ಬೇರೆ ಬೇರೆ ದೇಶದವ್ರೂ ಕೋಡ್ ಕಳಿಸೋಕೆ ಶುರು ಮಾಡಿದ್ರು, ಒಂದು ಗ್ರ್ಯಾಂಟೂ ಬಂತು, ತಲೆನೋವು ಶುರುವಾಗಿದ್ದೇ ಅಲ್ಲಿಂದ. ದುಡ್ಡು ಯಾರ ವಾಲೆಟ್‌ನಲ್ಲಿ (ಗುಟ್ಟಿನ ಕೀ ಇದ್ದವ್ರು ಮಾತ್ರ ತೆರೆಯೋ ಕ್ರಿಪ್ಟೋ ಖಾತೆ) ಇರ್ಬೇಕು, ಯಾರಿಗೆ ಎಷ್ಟು ಅಂತ ಯಾರು ತೀರ್ಮಾನ ಮಾಡ್ಬೇಕು? ಕೋಡ್ ಕಳಿಸಿದವ್ರೆಲ್ಲಾ ಸೇರಿ ಮಾಡ್ಲಿ ಅಂತ ಡಾವೋ, ಅಂದ್ರೆ ಸದಸ್ಯರ ವೋಟಿಂದ ಬ್ಲಾಕ್‌ಚೈನ್ ಮೇಲೆ ನಡೆಯೋ ಸಂಘ, ಕಟ್ಟೋಕೆ ಹೊರಟ್ವಿ, ಪಾಲಿಗಾನ್ ಅನ್ನೋ ಬ್ಲಾಕ್‌ಚೈನ್ ಮೇಲೆ, ಗ್ಯಾಸ್ (ಪ್ರತಿ ವ್ಯವಹಾರಕ್ಕೆ ಕಟ್ಟೋ ಫೀಸು) ಕಮ್ಮಿ ಅನ್ನೋ ಒಂದೇ ಕಾರಣಕ್ಕೆ.

ಮೊದಲನೇ ತೀರ್ಮಾನ ಏನಪ್ಪಾ ಅಂದ್ರೆ ವೋಟಿನ ಟೋಕನ್‌ನ ಯಾರೂ ಮಾರಕ್ಕಾಗ್ಬಾರ್ದು. ಕೋಡ್ ಕೊಟ್ಟವ್ರ ವಾಲೆಟ್‌ಗೆ ಮಿಂಟ್ ಆಗತ್ತೆ (ಹೊಸದಾಗಿ ಸೃಷ್ಟಿಯಾಗತ್ತೆ), ಅಲ್ಲಿಂದ ಬೇರೆ ಎಲ್ಲೂ ಹೋಗಲ್ಲ. ಇದಕ್ಕೆ ಬೈಸ್ಕೊಂಡಿದ್ದು ಅಷ್ಟಿಷ್ಟಲ್ಲ. "ಲಿಸ್ಟಿಂಗ್ ಯಾವಾಗ ಸರ್" ಅಂತ, ಅಂದ್ರೆ ಎಕ್ಸ್‌ಚೇಂಜ್‌ನಲ್ಲಿ ಮಾರಾಟಕ್ಕೆ ಯಾವಾಗ ಬರತ್ತೆ ಅಂತ ಕೇಳ್ತಿದ್ದವ್ರೆಲ್ಲಾ ಟೆಲಿಗ್ರಾಂ ಗ್ರೂಪ್ ಬಿಟ್ಟು ಹೋದ್ರು, ನನಗಂತೂ ಒಳ್ಳೇದೇ ಆಯ್ತು ಅನ್ಸ್ತು. 2022ರ ಏಪ್ರಿಲ್‌ನಲ್ಲಿ ಬೀನ್‌ಸ್ಟಾಕ್ ಅನ್ನೋ ಕ್ರಿಪ್ಟೋ ಪ್ರಾಜೆಕ್ಟ್‌ಗೆ ಆಗಿದ್ದು ನೆನಪಿರ್ಬೇಕಲ್ಲ, ಒಬ್ಬ ಹ್ಯಾಕರ್ ಫ್ಲ್ಯಾಶ್ ಲೋನ್ (ಅದೇ ಟ್ರಾನ್ಸಾಕ್ಷನ್‌ನಲ್ಲೇ ತೀರಿಸೋ, ಅಡಮಾನ ಇಲ್ಲದ ಸಾಲ) ತಗೊಂಡು ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಮೂರನೇ ಎರಡರಷ್ಟು ವೋಟು ಸಂಪಾದಿಸಿ, ಹಿಂದಿನ ದಿನಾನೇ ಹಾಕಿಟ್ಟಿದ್ದ ಪ್ರಪೋಸಲ್‌ನ ತಾನೇ ಪಾಸ್ ಮಾಡ್ಕೊಂಡು ಖಜಾನೆ ಗುಡಿಸಿ ಹೋದ, ಪ್ರೋಟೋಕಾಲ್‌ಗೆ ಆದ ನಷ್ಟ ಸುಮಾರು 18 ಕೋಟಿ ಡಾಲರ್. ನಾವು ಹಾಕಿದ ಓಪನ್‌ಜೆಪ್ಪೆಲಿನ್ ಗವರ್ನರ್ (ವೋಟಿಂಗ್ ನಡೆಸೋ ರೆಡಿಮೇಡ್ ಕಾಂಟ್ರ್ಯಾಕ್ಟ್) ಹಿಂದಿನ ಒಂದು ಕ್ಷಣದ ದಾಖಲೆಯಲ್ಲಿ ಯಾರ ಹತ್ರ ಎಷ್ಟು ವೋಟಿತ್ತು ಅಂತ ನೋಡೋದ್ರಿಂದ ಹಂಗೆ ಆಗಲ್ಲ, ನಿಜ. ಆದ್ರೆ ವೋಟಿಗೆ ಒಂದು ರೇಟ್ ಅಂತ ಬಂದ್ರೆ ನಿಧಾನಕ್ಕೆ ಕೊಂಡ್ಕೊಳ್ಳೋರೂ ಬರ್ತಾರೆ. ಇನ್ನು ನಮ್ಮಲ್ಲಿ ಕ್ರಿಪ್ಟೋ ಲಾಭಕ್ಕೆ 30% ಟ್ಯಾಕ್ಸು, ಮಾರಿದ್ರೆ 1% ಟಿಡಿಎಸ್ಸು ಬೇರೆ. ಮಾರಕ್ಕಾಗದ ಟೋಕನ್‌ಗೆ ಟ್ಯಾಕ್ಸೇ ಇಲ್ಲ ಅಂತ ನಾನು ಹೇಳ್ತಿಲ್ಲ, ಅದನ್ನ ನಿಮ್ಮ ಸಿಎ ಹತ್ರ ಕೇಳ್ಕೊಳ್ಳಿ.

ಪಾಲಿಗಾನ್ ಮೇಲೆ ಮಾಡೋರು ಒಂದು ಗಮನಿಸಿ. ಉದಾಹರಣೆ ಕೋಡ್‌ಗಳಲ್ಲಿ ವೋಟಿಂಗ್ ಅವಧಿ 50,400 ಬ್ಲಾಕ್ (ಚೈನ್‌ಗೆ ಒಮ್ಮೆಗೆ ಸೇರೋ ವ್ಯವಹಾರಗಳ ಕಟ್ಟು) ಅಂತ ಇರತ್ತೆ, ಇಥೀರಿಯಂನ 12 ಸೆಕೆಂಡ್ ಲೆಕ್ಕಕ್ಕೆ ಅದು ಒಂದು ವಾರ, 2 ಸೆಕೆಂಡ್‌ಗೆ ಒಂದು ಬ್ಲಾಕ್ ಬರೋ ಕಡೆ 28 ಗಂಟೇಲಿ ವೋಟಿಂಗ್ ಮುಗ್ದೇ ಹೋಗತ್ತೆ. ನಾವು ಬ್ಲಾಕ್ ಲೆಕ್ಕ ಬಿಟ್ಟು ಟೈಮ್‌ಸ್ಟ್ಯಾಂಪ್ ಮೋಡ್ (ಗಡಿಯಾರದ ಸಮಯದ ಲೆಕ್ಕ) ಹಾಕಿದ್ವಿ, ಅದಕ್ಕೆ ಇಆರ್‌ಸಿ-6372 ಅನ್ನೋ ಸ್ಟ್ಯಾಂಡರ್ಡ್ ಇದೆ ನೋಡಿ.

ಲಾಂಚ್ ಆಯ್ತು. ಬಂದ ಮೊದಲನೇ ದೂರು, "ಟೋಕನ್ ಇದೆ, ವೋಟ್ ಪವರ್ ಮಾತ್ರ ಸೊನ್ನೆ ತೋರ್ಸ್ತಿದೆ". ಡೆಲಿಗೇಟ್ ಮಾಡೋ ತನಕ, ಅಂದ್ರೆ ಆ ವೋಟನ್ನ ಯಾರು ಹಾಕ್ಬೇಕು ಅಂತ ಹೆಸರಿಸೋ ತನಕ, ಟೋಕನ್‌ಗೆ ವೋಟಿನ ಬಲ ಬರಲ್ಲ, ನಿಮ್ಗೆ ನೀವೇ ಆದ್ರೂ ಡೆಲಿಗೇಟ್ ಮಾಡ್ಕೊಳ್ಬೇಕು. ಡಾಕ್ಯುಮೆಂಟ್‌ನಲ್ಲಿ ಬರ್ದಿದ್ವಿ, ಯಾರೂ ಓದಿರ್ಲಿಲ್ಲ, ಯಾಕೆ ಓದ್ಬೇಕು ಹೇಳಿ. ಇಎನ್‌ಎಸ್‌ನೋರು (ವಾಲೆಟ್‌ಗಳಿಗೆ ಓದೋಕಾಗೋ ಹೆಸರು ಕೊಡೋ ಸರ್ವಿಸ್) 2021ರಲ್ಲಿ ಟೋಕನ್ ಕ್ಲೇಮ್ ಮಾಡೋ ಹೊತ್ತಲ್ಲೇ ಡೆಲಿಗೇಟ್ ಆರಿಸ್ಕೊಳ್ಳಿ ಅಂತ ಕೇಳಿದ್ರು, ನಾವೂ ಕ್ಲೇಮ್ ಪೇಜಲ್ಲೇ ಆ ಹೆಜ್ಜೆ ಸೇರಿಸಿದ್ವಿ. ಅದಾದ್ಮೇಲೆ ಇನ್ನೊಂದು ಗೊತ್ತಾಯ್ತು, ಎಷ್ಟೋ ಜನರ ವಾಲೆಟ್‌ನಲ್ಲಿ ಗ್ಯಾಸ್‌ಗೆ ನಾಲ್ಕಾಣೆಯಷ್ಟೂ ಇಲ್ಲ. ಅವ್ರು ಬರೀ ಸಹಿ ಹಾಕಿದ್ರೆ ಸಾಕು, ಗ್ಯಾಸ್ ನಾವು ಕಟ್ತೀವಿ ಅಂತ ಡೆಲಿಗೇಟ್‌ಬೈಸಿಗ್ ಅನ್ನೋ ಫಂಕ್ಷನ್ ಜೋಡಿಸಿದ್ವಿ. ದೂರು ನಿಂತ್ಹೋಯ್ತು.

ಎರಡನೇದು ಇಷ್ಟು ಸುಲಭದ್ದಲ್ಲ. ದುಡ್ಡೆಲ್ಲಾ ಆಗ ಇನ್ನೂ ಐದು ಜನರ ಸೇಫ್ ಮಲ್ಟಿಸಿಗ್ ಅನ್ನೋ ಜಂಟಿ ವಾಲೆಟ್‌ನಲ್ಲಿತ್ತು, ಮೂರು ಸಹಿ ಬಿದ್ರೆ ಹೊರಗೆ. ಗವರ್ನರ್ ಸ್ವಲ್ಪ ದಿನ ಓಡ್ಲಿ, ಬಗ್ ಇಲ್ಲ ಅಂತ ಖಾತ್ರಿಯಾದ್ಮೇಲೆ ಟೈಮ್‌ಲಾಕ್‌ಗೆ (ವೋಟ್ ಪಾಸಾದ್ಮೇಲೂ ಸ್ವಲ್ಪ ಹೊತ್ತು ಕಾಯಿಸಿ ಜಾರಿ ಮಾಡೋ ಕಾಂಟ್ರ್ಯಾಕ್ಟ್) ಸಾಗಿಸೋಣ ಅನ್ನೋದು ನಮ್ಮ ಪ್ಲ್ಯಾನು. ಗ್ರೂಪ್‌ನಲ್ಲಿ ಒಬ್ಬ ಹುಡುಗ ಪಾಲಿಗಾನ್‌ಸ್ಕ್ಯಾನ್ (ಚೈನ್ ಮೇಲಿನ ವ್ಯವಹಾರ ನೋಡೋ ವೆಬ್‌ಸೈಟ್) ತೆಗ್ದು ಐದೂ ಅಡ್ರೆಸ್ ಹಿಂದೆ ಹಿಂದೆ ಹೋಗಿದಾನೆ, ಮೂರು ವಾಲೆಟ್‌ಗೆ ಮೊದಲ ಗ್ಯಾಸ್ ದುಡ್ಡು ಬಂದಿರೋದು ಒಂದೇ ವಾಲೆಟ್‌ನಿಂದ. ಸ್ಕ್ರೀನ್‌ಶಾಟ್‌ಗೆ ಕೆಂಪು ಗೆರೆ ಎಳ್ದು ಹಾಕ್ದ, "ಅಣ್ಣ, ಇವ್ರು ಐದು ಜನಾನಾ, ಒಬ್ಬರದೇ ಐದು ವಾಲೆಟ್ಟಾ? ಕೀ ಯಾರ ಹತ್ರ ಇದೆ?" ಅಂತ.

ನಮ್ಮ ಟೀಮ್‌ನೋನೇ ಒಬ್ಬ ಆ ಮೂವರಿಗೂ ಗ್ಯಾಸ್ ಕಳಿಸಿದ್ದ, ಅಷ್ಟೇ ವಿಷಯ. ಅದನ್ನೇ ಉದ್ದಕ್ಕೆ ಬರ್ದು ಹಾಕೋಣ, ಫೋಟೋ ಸಮೇತ ಪರಿಚಯ ಕೊಡೋಣ ಅಂತ ಟೀಮ್‌ನಲ್ಲಿ ಮಾತಾಯ್ತು, ನಾನು ಬೇಡ ಅಂದೆ. ಚೈನ್ ನೋಡಿ ಕೇಳಿದವ್ನಿಗೆ ಚೈನ್ ಮೇಲೇ ಉತ್ರ ಕೊಡ್ಬೇಕು, ನಾವು ಒಳ್ಳೇವ್ರು ನಂಬಿ ಅಂದ್ರೆ ಅದು ಉತ್ರ ಅಲ್ಲ. 2023ರಲ್ಲಿ ಆರ್ಬಿಟ್ರಮ್ ಅನ್ನೋ ಬ್ಲಾಕ್‌ಚೈನ್‌ನ ಡಾವೋದಲ್ಲಿ ನಡೆದಿದ್ದು ನನ್ನ ಕಣ್ಮುಂದಿತ್ತು. ಫೌಂಡೇಷನ್‌ಗೆ 75 ಕೋಟಿ ಟೋಕನ್ ಕೊಡೋ ಪ್ರಪೋಸಲ್ ವೋಟಿಗೆ ಹಾಕಿದ್ರು, ಅದರಲ್ಲಿ 5 ಕೋಟಿ ಆಗ್ಲೇ ಬಳಸಿಬಿಟ್ಟಿದಾರೆ ಅಂತ ಹೊರಗೆ ಬಂತು, ಕೇಳಿದ್ರೆ ಈ ವೋಟು ಆಗಿರೋ ತೀರ್ಮಾನಕ್ಕೆ ಒಪ್ಪಿಗೆ ಮುದ್ರೆ ಅಷ್ಟೇ ಅಂದ್ರು. ಜನ ಕೆಂಡ ಆದ್ರು. ಕೊನೆಗೆ ತಣ್ಣಗಾಗಿಸಿದ್ದು ವಿವರಣೆ ಅಲ್ಲ, ಪ್ರಪೋಸಲ್ ಒಡೆದು ಬಜೆಟ್ ಬೇರೆ ಮಾಡಿ ಟೋಕನ್‌ಗಳು ನಾಲ್ಕು ವರ್ಷದಲ್ಲಿ ನಿಧಾನಕ್ಕೆ ಬಿಡುಗಡೆ ಆಗೋ ಹಾಗೆ ಲಾಕ್ ಮಾಡಿದ್ದು.

ಹಾಗಾಗಿ ಕಾಯೋ ಪ್ಲ್ಯಾನ್ ಬಿಟ್ಟು ಆ ಕೆಲಸ ಮುಂಚೆನೇ ಮಾಡಿದ್ವಿ. ದುಡ್ಡು ಪೂರ್ತಿ ಟೈಮ್‌ಲಾಕ್‌ಗೆ ಹೋಯ್ತು, ಪಾಸಾದ ಪ್ರಪೋಸಲ್ಲೂ 48 ಗಂಟೆ ಕಾಯ್ದೇ ಜಾರಿ ಆಗ್ಬೇಕು. ಕಾಂಟ್ರ್ಯಾಕ್ಟ್‌ನ ಡಿಪ್ಲಾಯ್ ಮಾಡಿದ (ಚೈನ್‌ಗೆ ಹಾಕಿದ) ವಾಲೆಟ್‌ಗೆ ಟೈಮ್‌ಲಾಕ್ ಮೇಲೆ ಅಡ್ಮಿನ್ ರೋಲ್ ಉಳ್ಕೊಂಡಿರಬಹುದು, ಇದನ್ನ ಬಹಳ ಜನ ನೋಡಲ್ಲ, ಅದಿದ್ರೆ ಯಾವ ರೋಲ್‌ನ ಯಾರಿಗೆ ಬೇಕಾದ್ರೂ ಕೊಟ್ಕೋಬಹುದು, ಅದನ್ನೂ ರಿನೌನ್ಸ್ ಮಾಡಿದ್ವಿ, ಅಂದ್ರೆ ಬಿಟ್ಟುಕೊಟ್ವಿ. ಸೇಫ್‌ಗೆ ಉಳಿಸಿದ್ದು ಪ್ರಪೋಸಲ್ ಕ್ಯಾನ್ಸಲ್ ಮಾಡೋ ಅಧಿಕಾರ ಒಂದೇ, ಐದರಲ್ಲಿ ಎರಡು ಸೀಟು ಕಮ್ಯೂನಿಟಿ ಆರಿಸಿದವ್ರಿಗೆ. ಆ ಹುಡುಗನ ಮೆಸೇಜ್‌ಗೆ ರಿಪ್ಲೈ ಅಂತ ರಿನೌನ್ಸ್ ಟ್ರಾನ್ಸಾಕ್ಷನ್ ಲಿಂಕ್ ಹಾಕ್ದೆ, ಬೇರೆ ಒಂದಕ್ಷರ ಬರೀಲಿಲ್ಲ. ಅವ್ನೂ ಒಂದು ಥಂಬ್ಸ್ ಅಪ್ ಒತ್ತಿ ಸುಮ್ನಾದ, ಆಮೇಲೆ ಆ ಎರಡು ಸೀಟಲ್ಲಿ ಒಂದಕ್ಕೆ ಅವ್ನೇ ನಿಂತು ಗೆದ್ದ!

ಅಧಿಕಾರ ಬಿಟ್ಟುಕೊಟ್ಟ ಮೇಲೆ ಬರೋ ಫೀಡ್‌ಬ್ಯಾಕ್ ಇದೆಯಲ್ಲ, ಅದರ ರುಚಿನೇ ಬೇರೆ. ವೋಟಿಂಗ್‌ಗೆ ಮೂರು ದಿನ ಸಾಲಲ್ಲ, ವೀಕೆಂಡ್ ಸೇರೋ ಹಾಗೆ ಏಳು ದಿನ ಮಾಡಿ ಅಂದ್ರು. ನ್ಯಾಯವಾದ ಮಾತೇ. ಆದ್ರೆ ಅದನ್ನ ಬದಲಾಯಿಸೋ ಫಂಕ್ಷನ್ ಗವರ್ನೆನ್ಸ್ ಮೂಲಕವೇ ಓಡೋದು, ನಾವು ಒತ್ತೋಕೆ ಬಟನ್ನೇ ಇಲ್ಲ. ನೀವೇ ಪ್ರಪೋಸಲ್ ಹಾಕಿ ಅಂದ್ರೆ "ನೀವೇ ಕಟ್ಟಿದ್ದು, ಈಗ ನಮ್ಮ ಮೇಲೆ ಹಾಕ್ತೀರಾ" ಅಂತ ರೇಗಿದ್ರು. ಜಾರಿಕೊಳ್ಳೋ ಥರ ಕೇಳ್ಸತ್ತೆ, ಒಪ್ತೀನಿ, ಅದಕ್ಕೆ ಕೂತು ಪ್ರಪೋಸಲ್‌ಗೆ ಬೇಕಾದ ಕೋಡ್ (ಕಾಲ್‌ಡೇಟಾ) ರೆಡಿ ಮಾಡಿ ಕೊಟ್ವಿ, ಹಾಕಿದ್ದು ಅವ್ರೇ. ಪಾಸಾಯ್ತು.

ನಿಜವಾದ ಜಗಳ ಆಗಿದ್ದು ಯಾರಿಗೆ ಎಷ್ಟು ವೋಟು ಅನ್ನೋದಕ್ಕೆ. ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಮೀಟಿಂಗ್‌ನಲ್ಲಿ ಫ್ಲ್ಯಾಟಿಗೊಂದು ವೋಟಾ ಇಲ್ಲಾ ಸ್ಕ್ವೇರ್ ಫೀಟ್ ಲೆಕ್ಕಾನಾ ಅಂತ ಕಿತ್ತಾಡ್ತಾರಲ್ಲ, ಥೇಟ್ ಅದೇ. ನಾವು ಮರ್ಜ್ ಆದ (ಪ್ರಾಜೆಕ್ಟ್‌ಗೆ ಸೇರಿಸ್ಕೊಂಡ) ಕೋಡ್ ನೋಡಿ ಮಿಂಟ್ ಮಾಡಿದ್ವಿ. ಡಾಕ್ಯುಮೆಂಟೇಷನ್ ನೋಡ್ಕೊಳ್ತಿದ್ದ ಒಬ್ರು ಮೇಡಂ ನೇರವಾಗೇ ಕೇಳಿದ್ರು, ಹೊಸಬರು ಬರೋದು ನಾನು ಬರ್ದಿದ್ದು ಓದ್ಕೊಂಡು, ಒಂದು ಲೈನ್ ಟೈಪೋ ಸರಿಮಾಡಿದವ್ನಿಗೆ ನನಗಿಂತ ಜಾಸ್ತಿ ವೋಟಾ ಅಂತ. ಡಾಕ್ಸ್ ಬರೆದವ್ರಿಗೆ, ಒಳ್ಳೇ ಬಗ್ ರಿಪೋರ್ಟ್ ಕೊಟ್ಟವ್ರಿಗೆ ಹೊಸದಾಗಿ ಮಿಂಟ್ ಮಾಡೋ ಪ್ರಪೋಸಲ್ ಅವ್ರೇ ಬರೆದ್ರು. ಶುರು ಮಾಡಿದ ನಾವೆಲ್ಲಾ ಅಬ್‌ಸ್ಟೇನ್ (ಪರವೂ ಅಲ್ಲ, ವಿರುದ್ಧವೂ ಅಲ್ಲ) ಒತ್ತಿದ್ವಿ, ಯಾಕಂದ್ರೆ ನಾವು ಬಳಸೋ ಗವರ್ನರ್‌ನಲ್ಲಿ ಅಬ್‌ಸ್ಟೇನ್ ವೋಟು ಕೋರಂಗೆ (ಬರಲೇಬೇಕಾದ ಕನಿಷ್ಠ ವೋಟಿಗೆ) ಲೆಕ್ಕಕ್ಕಿದೆ, ಸೋಲು ಗೆಲುವಿಗೆ ಇಲ್ಲ. ನಾವು ವೋಟಿಂಗ್‌ಗೇ ಬಾರದೇ ಇದ್ದಿದ್ರೆ ಕೋರಂ ಇಲ್ದೇ ಬಿದ್ದೋಗ್ತಿತ್ತು, ಪರವಾಗಿ ವೋಟ್ ಹಾಕಿದ್ರೆ ನಾವೇ ಗೆಲ್ಸಿದ್ವಿ ಅನ್ನೋರು. ಕೋಡ್ ಬರೆಯೋರಲ್ಲಿ ಕೆಲವ್ರಿಗೆ ಈಗ್ಲೂ ಅಸಮಾಧಾನ ಇದೆ, ಒಬ್ಬ ಬಿಟ್ಟೇ ಹೋದ.

ಸಣ್ಣಪುಟ್ಟ ವಿಷಯಕ್ಕೆಲ್ಲಾ ಚೈನ್ ಮೇಲೆ ವೋಟ್ ಮಾಡ್ಸಿ ಜನರನ್ನ ಸುಸ್ತು ಮಾಡ್ಬೇಡಿ, ಸ್ಟಿಕ್ಕರ್ ಡಿಸೈನ್ ಯಾವುದು ಅನ್ನೋದಕ್ಕೆ ಸ್ನ್ಯಾಪ್‌ಶಾಟ್ ಅನ್ನೋ ವೋಟಿಂಗ್ ವೆಬ್‌ಸೈಟ್ ಸಾಕು, ಗ್ಯಾಸ್ ಇಲ್ಲ, ಸಹಿ ಹಾಕಿದ್ರೆ ಆಯ್ತು. ಕ್ಯಾನ್ಸಲ್ ಅಧಿಕಾರಾನೂ ತೆಗೆದುಬಿಡಿ ಅಂತ ಈಗ ಪ್ರಪೋಸಲ್ ಬಂದಿದೆ, ಹಾಕಿರೋನು ಅದೇ ಸ್ಕ್ರೀನ್‌ಶಾಟ್ ಹುಡುಗ. ನಾನು ವಿರುದ್ಧ ವೋಟ್ ಹಾಕ್ತೀನಿ, ಈ ಗಾತ್ರದ ಡಾವೋಗೆ ಒಂದು ಬ್ರೇಕ್ ಇರ್ಲಿ ಅನ್ನೋದು ನನ್ನ ಅಭಿಪ್ರಾಯ. ಸೋಲೋ ಲಕ್ಷಣನೇ ಜಾಸ್ತಿ.