ಇಂಗ್ಲೆಂಡಿನ ಹಳ್ಳಿ ಪಬ್ ಎಷ್ಟು ಹಳೇದು ಅಂತ ಕಟ್ಟಡ ನೋಡಿನೇ ಪತ್ತೆ ಹಚ್ಚೋದು

ಮೊದಲಿಗೆ, ಮುಂಭಾಗ ನಂಬ್ಬೇಡಿ. ನೀಟಾದ ಕೆಂಪು ಇಟ್ಟಿಗೆ, ಸಾಲು ಕಿಟಕಿ ಕಂಡ ತಕ್ಷಣ 1700ರ ಈಚಿಂದು ಅನ್ಕೊಂಡುಬಿಡ್ತೀವಿ, ಆದ್ರೆ ಆ ಕಾಲದಲ್ಲಿ ಎಷ್ಟೋ ಜನ ಹಳೇ ಮರದ ಕಟ್ಟಡಕ್ಕೆ ಫ್ಯಾಷನ್ನಿಗೆ ಅಂತ ಮುಂದೆ ಮಾತ್ರ ಇಟ್ಟಿಗೆ ಗೋಡೆ ಎಬ್ಬಿಸಿದ್ರು, ಹಾಗಾಗಿ ಪಕ್ಕಕ್ಕೋ ಹಿತ್ತಿಲಿಗೋ ಹೋಗಿ ನೋಡಿದ್ರೆ ಓಕ್ ಕಂಬ, ತೊಲೆ, ನಡುವೆ ಕಡ್ಡಿ ಹೆಣೆದು ಮಣ್ಣು ಮೆತ್ತಿದ ಗೋಡೆ ಸಿಗಬಹುದು. ಮೇಲ್ಮಹಡಿ ರಸ್ತೆ ಕಡೆ ಚಾಚ್ಕೊಂಡಿದ್ರೆ ಹಳೇದು ಅನ್ನೋಕೆ ಇನ್ನೂ ಒಳ್ಳೇ ಗುರುತು. ಸಾಮರ್‌ಸೆಟ್‌ನ ನಾರ್ಟನ್ ಸೇಂಟ್ ಫಿಲಿಪ್‌ನಲ್ಲಿರೋ ಜಾರ್ಜ್ ಇನ್ ಅನ್ನೋ ಪಬ್ ಹಾಗೇ, ಕೆಳಗೆ ಕಲ್ಲು, ಮೇಲೆ ಮುಂದಕ್ಕೆ ಬಂದಿರೋ ಮರದ ಮಹಡಿ.

ಇಟ್ಟಿಗೆ ಕಟ್ಟಿ ಮುಚ್ಚಿದ ಕಿಟಕಿ ಕಂಡ್ರೆ ಎಲ್ರೂ ಕಿಟಕಿ ತೆರಿಗೆ ತಪ್ಪಿಸೋಕೆ ಮುಚ್ಚಿದ್ದು ಅನ್ನೋ ಕಥೆ ಹೇಳ್ತಾರೆ. ತೆರಿಗೆ ಇದ್ದಿದ್ದು ನಿಜ, 1696ರಿಂದ 1851ರವರೆಗೆ. ಆದ್ರೆ ಅಂದಕ್ಕೆ ಅಂತ ಕಟ್ಟುವಾಗಲೇ ಕುರುಡು ಕಿಟಕಿ, ಅಂದ್ರೆ ಆಕಾರ ಮಾತ್ರ ಇರೋ ಮುಚ್ಚಿದ ಕಿಟಕಿ, ಬಿಡ್ತಿದ್ದದ್ದೂ ಉಂಟು.

ಒಳಗೆ ಹೋದ್ಮೇಲೆ ಸೀದಾ ಒಲೆ ಹತ್ರ ಹೋಗಿ. ಮನುಷ್ಯರೇ ಒಳಗೆ ಕೂರುವಷ್ಟು ದೊಡ್ಡ ಗೂಡಿದ್ರೆ ಅದರ ಮೇಲಿನ ಅಡ್ಡತೊಲೆಗೆ ಮೊಬೈಲ್ ಟಾರ್ಚ್ ಓರೆಯಾಗಿ ಬಿಡಿ. ಹನಿ ಆಕಾರದಲ್ಲಿ, ಬೆರಳಗಲದ ಸುಟ್ಟ ಗುಳಿ ಕಾಣ್ಬಹುದು, ಅದು ಆಕಸ್ಮಿಕ ಅಲ್ಲ, ಕೆಡುಕು ತಟ್ಟದಿರ್ಲಿ ಅಂತ ಬೇಕಂತಲೇ ಸುಟ್ಟಿದ್ದು ಅಂತ ಸಂಶೋಧಕರು ಹೇಳ್ತಾರೆ. ವುಸ್ಟರ್‌ಶೈರ್‌ನ ಬ್ರೆಟ್‌ಫರ್ಟನ್‌ನಲ್ಲಿರೋ ಫ್ಲೀಸ್ ಇನ್‌ನಲ್ಲಂತೂ ಮಾಟಗಾತಿಯರು ಚಿಮಣಿಯಿಂದ ಇಳೀಬಾರ್ದು ಅಂತ ಒಲೆ ಮುಂದೆ ನೆಲದ ಮೇಲೆ ಬಿಳಿ ವೃತ್ತ ಬರೀತಾರೆ.

ಅಟ್ಟ ಹತ್ತೋಕೆ ಬಿಟ್ರೆ ಬಿಡ್ಬೇಡಿ! ಮೊದಲೆಲ್ಲ ಚಿಮಣಿನೇ ಇರ್ಲಿಲ್ಲ, ಹಜಾರದ ಮಧ್ಯೆ ಬೆಂಕಿ, ಹೊಗೆ ಚಾವಣಿಯಿಂದಲೇ ಹೊರಗೆ. ಜಂತೆಗೆ ಹಿಡಿದ ಆ ಮಸಿ ಸಿಕ್ರೆ ಕಟ್ಟಡ ಮಧ್ಯಯುಗದ್ದು ಅನ್ನೋಕೆ ಗಟ್ಟಿ ಸಾಕ್ಷಿ.

ತೊಲೆ ಸೇರೋ ಕಡೆ ರೋಮನ್ ಅಂಕಿ ತರ ಗೀರುಗಳಿದ್ರೆ ಬಡಗಿಗಳದ್ದು, ಯಾವ ತುಂಡು ಎಲ್ಲಿಗೆ ಅನ್ನೋ ಗುರುತು. ಖಾಲಿ ತೂತುಗಳಿದ್ರೆ "ಹಳೇ ಹಡಗಿನ ಮರ" ಅಂತಾರೆ, ನಂಬ್ಬೇಡಿ, ಸಾಮಾನ್ಯವಾಗಿ ಬೇರೆ ಕಟ್ಟಡದ ಮರ ಮತ್ತೆ ಬಳಸಿದ್ದು. ತೊಲೆಗೆ ಕಪ್ಪು ಬಣ್ಣ ಬಳಿದಿದ್ದೂ ಹೆಚ್ಚಾಗಿ 19ನೇ ಶತಮಾನದ ವಿಕ್ಟೋರಿಯನ್ ಕಾಲದ ಶೋಕಿ.

ಬೋರ್ಡಲ್ಲಿ ಬರೆದ ಇಸವಿನ, ಹಳೇ ಕಟ್ಟಡಗಳ ರಕ್ಷಣೆ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಹಿಸ್ಟಾರಿಕ್ ಇಂಗ್ಲೆಂಡ್‌ನವರ ಸಂರಕ್ಷಿತ ಕಟ್ಟಡಗಳ ಆನ್‌ಲೈನ್ ಪಟ್ಟಿ ಜೊತೆ ತಾಳೆ ನೋಡಿ, ಹುಡುಕೋದು ಫ್ರೀ. ಆಮೇಲೆ, ಅಲ್ಲಿ ಸಾಮಾನ್ಯವಾಗಿ ಟೇಬಲ್‌ಗೆ ಯಾರೂ ಬಂದು ಕೇಳಲ್ಲ, ನೀವೇ ಕೌಂಟರ್‌ಗೆ ಹೋಗಿ ಏನಾದ್ರೂ ತಗೊಂಡು ದುಡ್ಡು ಕೊಟ್ಟು, ಊಟದ ರಶ್ ಇಳಿದ್ಮೇಲೆ ಅಟ್ಟದ ಮಾತು ಎತ್ತಿ.